ನಡುಮನೆ

ಕುಡಿದು ಕುಡಿದು ನನ್ನ ಒಂದು ಜೊತೆ ಬಳೆಯನ್ನೂ
ಕುಡಿದ ಮೇಲೆ ನಿರ್ಧಾರ ಮಾಡಿದೆ:
ಜೀಪಿಗೆ ಪೆಟ್ರೋಲು ಬಿಡಿಸಬೇಕು.
"ಕುಡಿತ ಬಿಡಿಸೋಕಾಗಲ್ಲ ಅಕ್ಕಾ,
ಬ್ರ್ಯಾಂಡು ಬದಲಾಯಿಸಬಹುದು ಅಷ್ಟೆ," ಅಂದ ಇಮಾಮ್‌ಪೀರ.

ಮಿಲಿಟರಿ ಹರಾಜಿನಲ್ಲಿ ಬಂದ ಗಾಡಿ.
ನಾಲ್ಕೂ ಗಾಲಿ ಎಳೆಯುತ್ತವೆ.
ಫ್ಯಾನು ರಿಪೇರಿಯ ಎಂಟು ಹುಡುಗರನ್ನು
ದಿನಾ ಗುಡ್ಡದ ನೆತ್ತಿಗೆ ಹೊತ್ತುಹಾಕುವುದು ನಮ್ಮ ಕೆಲಸ.
ಲೀಟರಿಗೆ ಆರು ಕಿಲೋಮೀಟರು,
ಏರಿನಲ್ಲಿ ಆರೂ ಇಲ್ಲ.
ಮೇಲೆ ಆ ರೆಕ್ಕೆಗಳು ಬಿಟ್ಟಿ ಗಾಳಿಗೆ ತಿರುಗುತ್ತವೆ,
ಅವುಗಳ ಬುಡ ಮುಟ್ಟಲು ನಾನು ದುಡ್ಡು ಸುಡುತ್ತೇನೆ.

ಮೇದೇಹಳ್ಳಿ ರಸ್ತೆಯ ಶೆಡ್ಡಿನಲ್ಲಿ ಮೂರು ದಿನ.
ಎಡಗಡೆಯ ಬೆಂಚು ಕಿತ್ತರು. ಅಲ್ಲಿ ಬೂದು ಟ್ಯಾಂಕು
ಮನೆಗೆ ಬಂದ ಬೀಗರ ಹಾಗೆ ಕಾಲು ಚಾಚಿ ಮಲಗಿತು.
"ಅಡಿಗೆಮನೆ ಸಿಲಿಂಡರ್ ಇಟ್ಕೊಂಡ್ರೆ ಆಗಲ್ವಾ ಪೀರಣ್ಣ?"
ಪಾನಾ ಕೆಳಗಿಟ್ಟ.
"ಹಾಗಾದ್ರೆ ಗಾಡಿ ತಗೊಂಡ್ಹೋಗಿ.
ಅನ್ನ ಬೇಯ್ಸೋದು ಬೇರೆ, ಎಂಟು ಹುಡುಗರನ್ನ ಬೇಯ್ಸೋದು ಬೇರೆ."
ಎದುರಿನ ಮಂಡಕ್ಕಿ ಅಂಗಡಿಯಿಂದ ತಿಪ್ಪಕ್ಕ ಕೂಗಿದಳು:
"ಜೀಪಿಗೂ ಒಗ್ಗರಣೆ ಕಲಿಸ್ತೀಯೇನವ್ವಾ?"

ಏಪ್ರಿಲ್ ಮಧ್ಯಾಹ್ನ. ಬಂಡೆಗಳು ಕಾದ ಹೆಂಚು.
ಬಿಸಿನೀರಿನ ಪೈಪು ಸಿಕ್ಕಿಸುವುದು ಮರೆತು
ಓಬಳೇಶಿ ಇಂಜಿನ್ ಶುರು ಮಾಡಿದ.
ಗ್ಯಾಸು ಅರಳುವ ಡಬ್ಬಿಯ ಮೇಲೆ ಹಿಮ ಕಟ್ಟಿತು.
ದುರ್ಗದಲ್ಲಿ ಹಿಮ!
ಬೈಗುಳ ಬರುವ ಮುಂಚೆ ಹುಡುಗ
ಬೆರಳಿಂದ ಕೆರೆದು ಎರಡೂ ಕೆನ್ನೆಗೆ ಸವರಿಕೊಂಡ.

ಈ ಗ್ಯಾಸಿಗೆ ಹುಟ್ಟಿನಿಂದ ವಾಸನೆಯಿಲ್ಲವಂತೆ.
ಕೊಳೆತ ಎಲೆಕೋಸಿನ ನಾತ ಬೆರೆಸಿ ಕಳಿಸುತ್ತಾರಂತೆ,
ಸೋರಿದರೆ ಗೊತ್ತಾಗಲಿ ಅಂತ.
ಇಮಾಮ್‌ಪೀರನಿಗೆ ಅದೂ ಗೊತ್ತಾಗುವುದಿಲ್ಲ.
ಕೊರೋನಾ ಜ್ವರ ಬಿಟ್ಟು ಹೋಗುವಾಗ
ಅವನ ಮೂಗನ್ನೂ ಜೊತೆಗೆ ಒಯ್ದಿತು.
ಹೆಂಡತಿ ಬಿರಿಯಾನಿಯ ದಮ್ ಬಿಚ್ಚಿದರೂ
ಅವನಿಗೆ ಬರೀ ಬಿಸಿ.
ಅದಕ್ಕೇ ಸೋಪಿನ ನೀರು.
ಮಗ್ಗಿನಲ್ಲಿ ನೊರೆ ಎಬ್ಬಿಸಿ, ಹಳೇ ಶೇವಿಂಗ್ ಬ್ರಶ್ಶಿನಿಂದ
ಒಂದೊಂದು ಕೀಲಿಗೂ ಗಡ್ಡಕ್ಕೆ ಹಚ್ಚಿದ ಹಾಗೆ ಹಚ್ಚಿ
ಕನ್ನಡಕ ಏರಿಸಿ ಕಾಯುತ್ತಾನೆ.
ಒಂದು ಕಡೆ ಗುಳ್ಳೆ ಎದ್ದಿತು, ಸಾಸಿವೆಯಷ್ಟು.
"ನೋಡಿ, ಮಾತಾಡ್ತಿದೆ."
ಅರ್ಧ ಸುತ್ತು ಬಿಗಿದು ಅದರ ಬಾಯಿ ಮುಚ್ಚಿದ.
ಆಮೇಲೆ ಓಬಳೇಶಿಗೆ "ಮೂಸು" ಅಂದ. ಆಮೇಲೆ ನನಗೆ.
ನಾವಿಬ್ಬರೂ ಬಾನೆಟ್ಟಿನೊಳಗೆ ಬಗ್ಗಿ
ಏನೂ ಇಲ್ಲ ಅಂದೆವು.
ಅವನು ನಮ್ಮ ಮುಖವನ್ನೇ ನೋಡುತ್ತ ನಿಂತ,
ಏನೂ ಇಲ್ಲದ್ದರ ವಾಸನೆ
ತನಗಿಂತ ನಮಗೇ ಚೆನ್ನಾಗಿ ಗೊತ್ತೆಂಬಂತೆ.

ಸ್ಟೀರಿಂಗ್ ಪಕ್ಕ ಈಗ ಒಂದು ಸ್ವಿಚ್ಚು, ಮೂರು ಮನೆ.
ಮೇಲೆ ಪೆಟ್ರೋಲು, ಕೆಳಗೆ ಗ್ಯಾಸು,
ನಡುವೆ ಎರಡೂ ಬಂದ್.
"ಇದು ನಡುಮನೆ ಅಕ್ಕಾ. ಇಲ್ಲಿ ಸ್ವಲ್ಪ ಕೂರಿಸಿ.
ಕಾರ್ಬುರೇಟರ್ ಬಟ್ಟಲಲ್ಲಿ ಹಳೇದು ಮಿಕ್ಕಿರುತ್ತೆ, ತೀರ್ಲಿ.
ತೀರೋ ಮುಂಚೆ ಹೊಸದು ಬಿಟ್ರೆ ಕೆಮ್ಮುತ್ತೆ,
ತೀರಿದ್ಮೇಲೆ ತಡ ಮಾಡಿದ್ರೆ ನಿಂತೇಹೋಗುತ್ತೆ."
ಯಾವಾಗ ಅಂತ ಹೇಗೆ ತಿಳಿಯೋದು?
"ಕಿವಿ ಇದೆಯಲ್ಲ."

ಆರ್‌ಸಿಯಲ್ಲಿ ಇಂಧನದ ಕಾಲಂ ತಿದ್ದಿಸಲು ಹದಿನೇಳು ದಿನ.
ಮೊದಲ ಬೆಳಗು ಐವರೇ ಹಿಡಿದರು,
ಮೂವರಿಗೆ ಎರಡನೇ ಟ್ರಿಪ್ಪು.
ಉಳಿಸಿದ ದುಡ್ಡಿನ ಮುಕ್ಕಾಲು ಆ ಟ್ರಿಪ್ಪೇ ತಿಂದಿತೆಂದು
ಪೀರನಿಗೆ ಇನ್ನೂ ಹೇಳಿಲ್ಲ.

ಗುಡ್ಡದ ಬುಡದಲ್ಲಿ ಸ್ವಿಚ್ಚು ನಡುಮನೆಗೆ ತಂದೆ.
ಹುಡುಗರು ಮಾತು ನಿಲ್ಲಿಸಿದರು, ಯಾರೂ ಹೇಳದೆ.
ಇಂಜಿನ್ನಿನ ದನಿ ತೆಳ್ಳಗಾಯಿತು,
ಇನ್ನೂ ತೆಳ್ಳಗೆ,
ಬಟ್ಟಲಿನ ತಳ ಚಮಚ ಕೆರೆದ ಹಾಗೆ.
ಬೆರಳು ಸ್ವಿಚ್ಚಿನ ಮೇಲೆ.
ತಾಳು.
ಇನ್ನೂ ಸ್ವಲ್ಪ ಇದೆ.